ಮಾತ್ರೆ ಚೀಟಿಯಲ್ಲಿ ಎಸ್‌ಓಎಸ್ ಇದ್ದರೆ ಹೆದರಬೇಕಾ?

ಪ್ರಶ್ನೆ: ನೋವಿನ ಮಾತ್ರೆಯ ಮುಂದೆ ಡಾಕ್ಟರು ಎಸ್‌ಓಎಸ್ ಅಂತ ಬರೆದಿದ್ದಾರೆ. ಹಡಗು ಮುಳುಗುವಾಗ ಕಳಿಸುತ್ತಿದ್ದ 'ಸೇವ್ ಅವರ್ ಸೋಲ್ಸ್' ಅದೇ ತಾನೇ? ಪರಿಸ್ಥಿತಿ ಅಷ್ಟು ಕೆಟ್ಟಿದೆಯಾ?

ಕೆಟ್ಟಿಲ್ಲ, ಆರಾಮಾಗಿರಿ. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಚೀಟಿಯ ಎಸ್‌ಓಎಸ್ ಲ್ಯಾಟಿನ್ನಿನದು: 'ಸಿ ಓಪುಸ್ ಸಿಟ್'. ಬೇಕಾದರೆ ಅಂತ ಅರ್ಥ. ನೋವಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ಆದರೆ ಬೇಕಾದಾಗ ಅಂದರೆ ಬೇಕಾದಷ್ಟು ಅಂತಲ್ಲ! ದಿನಕ್ಕೆ ಹೆಚ್ಚೆಂದರೆ ಎಷ್ಟು, ಎರಡು ಮಾತ್ರೆಗಳ ನಡುವೆ ಎಷ್ಟು ಗಂಟೆ ಬಿಡಬೇಕು ಅಂತ ಕೇಳಿಕೊಂಡೇ ಬನ್ನಿ.

ಕೆಲವು ಫೋನುಗಳಲ್ಲಿ ಮೇಲ್ಗಡೆ ಎಸ್‌ಓಎಸ್ ಅಂತ ಬಂದರೆ, ನಿಮ್ಮ ನೆಟ್‌ವರ್ಕ್ ಇಲ್ಲ, ತುರ್ತು ಕರೆ ಮಾತ್ರ ಹೋಗುತ್ತದೆ ಅಂತ. ಹೆರ್ಮಾನ್ ಗ್ಮೈನರ್ 1949ರಲ್ಲಿ ಆಸ್ಟ್ರಿಯಾದಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಶುರುಮಾಡಿದ ಎಸ್‌ಓಎಸ್ ಮಕ್ಕಳ ಗ್ರಾಮದ್ದು ಇನ್ನೊಂದು ಕಥೆ. ಅಲ್ಲಿ ಅದು 'ಸೊಸೀಟಾಸ್ ಸೋಶಿಯಾಲಿಸ್' ಅನ್ನುವ ಹೆಸರಿನಿಂದ ಬಂದದ್ದು.

ಇನ್ನು ಆ 'ಸೇವ್ ಅವರ್ ಸೋಲ್ಸ್'. ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಿಕೊಡಬೇಡಿ. ಹಡಗಿನ ಎಸ್‌ಓಎಸ್‌ಗೆ ವಿಸ್ತೃತ ರೂಪವೇ ಇಲ್ಲ. ಈ ಸಂಕೇತವನ್ನು ಮೊದಲು ನಿಯಮಕ್ಕೆ ತಂದವರು ಜರ್ಮನ್ನರು, 1905ರಲ್ಲಿ. ಅವರು ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ಸಂಕೇತ ಯಾಕೆ ಮಾಡುತ್ತಾರೆ? 1906ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನ ಒಪ್ಪಿತು, 1908ರ ಜುಲೈ 1ರಿಂದ ಜಾರಿಗೆ ಬಂತು. ಆಗ ಸಂದೇಶ ಹೋಗುತ್ತಿದ್ದದ್ದು ಮೋರ್ಸ್‌ನಲ್ಲಿ, ಅಂದರೆ ಚುಕ್ಕಿ (ಗಿಡ್ಡ ಸದ್ದು), ಗೆರೆ (ಉದ್ದ ಸದ್ದು) ಸೇರಿಸಿ ಅಕ್ಷರ ಮಾಡುವ ಲಿಪಿಯಲ್ಲಿ. ಅಲ್ಲಿ ಮುಖ್ಯವಾಗಿದ್ದದ್ದು ಸದ್ದು: ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಗದ್ದಲದ ನಡುವೆಯೂ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ನಡುವೆ ಬಿಡುವು ಕೊಡದೆ ಒಂದೇ ಉಸಿರಿಗೆ ಕಳಿಸಬೇಕು. ಹಾಗೆ ಕಳಿಸಿದ್ದನ್ನು ಬೇರೆ ಕಡೆ ತುಂಡು ಮಾಡಿದರೆ ವಿ-ಟಿ-ಬಿ ಅಂತಲೂ ಓದಬಹುದು, ಐ-ಜೆ-ಎಸ್ ಅಂತಲೂ ಓದಬಹುದು. ಅನುಮಾನ ಇದ್ದರೆ ಮೋರ್ಸ್ ಪಟ್ಟಿ ಇಟ್ಟುಕೊಂಡು ಕೂತು ನೋಡಿ. ನೆನಪಿಗೆ ಸುಲಭ ಅಂತ ಎಸ್‌ಓಎಸ್ ಅಂದರು, ಅಷ್ಟೇ. ಸೋಲ್ಸ್, ಶಿಪ್ ಎಲ್ಲ ಆಮೇಲೆ ಜನ ಅಂಟಿಸಿದ್ದು.

'ಹಾಗಾದರೆ ಟೈಟಾನಿಕ್?' ಅಂತ ಕೇಳುವವರು ಇದ್ದೇ ಇರುತ್ತಾರೆ. 1912ರಲ್ಲಿ ಅದು ಮೊದಲು ಕಳಿಸಿದ್ದು ಮಾರ್ಕೋನಿ ಅನ್ನುವ ರೇಡಿಯೋ ಕಂಪನಿಯ ಹಳೆಯ ಸಂಕೇತ ಸಿಕ್ಯೂಡಿ. ಆಮೇಲೆ ಎಸ್‌ಓಎಸ್ ಕೂಡ ಸೇರಿಸಿದರು. ಸಿಕ್ಯೂಡಿಗೂ 'ಕಮ್ ಕ್ವಿಕ್ ಡೇಂಜರ್' ಅಂತ ಒಂದು ಬಾಲ ಕಟ್ಟಿದ್ದಾರೆ, ಅದೂ ಸುಳ್ಳೇ. ಸಿಕ್ಯೂ ಅಂದರೆ ಎಲ್ಲ ಕೇಂದ್ರಗಳಿಗೂ ಕೂಗು, ಡಿ ಅಂದರೆ ಡಿಸ್ಟ್ರೆಸ್, ಸಂಕಟ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ವಿಮಾನದವರು ಎಸ್‌ಓಎಸ್ ಬಿಟ್ಟು 'ಮೇಡೇ' ಅನ್ನುವುದು ಯಾಕೆ? ಮೋರ್ಸ್‌ನಲ್ಲಿ ಅಷ್ಟು ಚೆನ್ನಾಗಿ ಕೇಳುವ ಎಸ್, ಬಾಯಲ್ಲಿ ಹೇಳಿದರೆ ರೇಡಿಯೋದ ಗರಗರದಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಫ್ರೆಂಚಿನ 'ಮೆದೇ', ಅಂದರೆ ನನಗೆ ಸಹಾಯ ಮಾಡಿ ಅನ್ನುವ ಮಾತನ್ನು ಹಿಡಿದರು. 1927ರ ವಾಷಿಂಗ್ಟನ್ ರೇಡಿಯೋ ಒಪ್ಪಂದದಲ್ಲಿ ಅದೂ ಅಧಿಕೃತವಾಯಿತು. ಮೂರು ಸಲ ಹೇಳಬೇಕು. ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲ, ಆದರೆ ತೊಂದರೆ ಇದೆ ಅನ್ನುವಾಗ 'ಪ್ಯಾನ್-ಪ್ಯಾನ್' ಅಂತ ಬೇರೆಯೇ ಕೂಗು ಇದೆ. ಅದಕ್ಕೂ ವಿಸ್ತೃತ ರೂಪ ಇಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.