ಮನೆಯ ಇನ್ಸುಲಿನ್ ಸೂಜಿ ಯಾವ ನಿಯಮಕ್ಕೆ ಸೇರುತ್ತದೆ? ಆರೋಗ್ಯ ನಿರೀಕ್ಷಕರ ಪರೀಕ್ಷೆಗೆ ಓದುವವರಿಗೊಂದು ಟಿಪ್ಪಣಿ

ಕಿರಿಯ ಆರೋಗ್ಯ ನಿರೀಕ್ಷಕರ ಹುದ್ದೆಯ ಪರೀಕ್ಷೆಗೆ ಚಿಕ್ಕಮಗಳೂರಿನಲ್ಲಿ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಸಿ ಕಸ ಮತ್ತು ಒಣ ಕಸದ ವ್ಯತ್ಯಾಸ, ಗೊಬ್ಬರ ತಯಾರಿಕೆ, ನಗರಸಭೆಯ ಕಸದ ಗಾಡಿ ಇಂದಾವರದ ಘಟಕ ತಲುಪುವ ಹಾದಿ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅವನ್ನು ಇಲ್ಲಿ ಮುಟ್ಟುವುದಿಲ್ಲ. ಓದು ಸಿಕ್ಕಿಕೊಳ್ಳುವುದು ಒಂದೇ ಕಡೆ: ಮಧುಮೇಹಿಯೊಬ್ಬರು ಮನೆಯಲ್ಲಿ ಚುಚ್ಚಿಕೊಂಡು ಬಿಸಾಡುವ ಇನ್ಸುಲಿನ್ ಸೂಜಿ ಯಾವ ನಿಯಮದ ವ್ಯಾಪ್ತಿಗೆ ಬರುತ್ತದೆ ಎಂಬಲ್ಲಿ.

ಎರಡು ನಿಯಮಗಳ ನಡುವಿನ ಸೂಜಿ

ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರ ಮಾರ್ಚ್ 28ರಂದು ಪ್ರಕಟವಾದವು. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದೇ ವರ್ಷದ ಏಪ್ರಿಲ್ 8ರಂದು ಬಂದವು. ಹನ್ನೊಂದೇ ದಿನಗಳ ಅಂತರದಲ್ಲಿ, ಒಂದೇ ಸಚಿವಾಲಯದಿಂದ ಹೊರಟ ಈ ಎರಡೂ ನಿಯಮಗಳಲ್ಲಿ ಸೂಜಿಗೆ ಜಾಗವಿರುವುದೇ ಗೊಂದಲಕ್ಕೆ ಮೂಲ.

ಜೀವವೈದ್ಯಕೀಯ ನಿಯಮವು ತ್ಯಾಜ್ಯದ ಹೊಣೆಯನ್ನು ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್, ರಕ್ತನಿಧಿ, ಪ್ರಯೋಗಾಲಯ, ಪಶುವೈದ್ಯ ಸಂಸ್ಥೆ, ಲಸಿಕಾ ಶಿಬಿರ, ಶಾಲೆಯ ಪ್ರಥಮ ಚಿಕಿತ್ಸಾ ಕೊಠಡಿ ಮೊದಲಾದವುಗಳ ಮೇಲೆ ಹೊರಿಸುತ್ತದೆ. ಈ ಪಟ್ಟಿಯಲ್ಲಿ ಮನೆ ಇಲ್ಲ. ಮನೆಯವರು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪತ್ರ ಪಡೆಯಬೇಕಾಗಿಲ್ಲ, ಚೀಲಕ್ಕೆ ಬಾರ್‌ಕೋಡ್ ಅಂಟಿಸಬೇಕಾಗಿಲ್ಲ. ಅತ್ತ 2016ರ ಘನತ್ಯಾಜ್ಯ ನಿಯಮವು ಬಳಸಿದ ಸೂಜಿ ಮತ್ತು ಸಿರಿಂಜುಗಳನ್ನು, ಅವಧಿ ಮೀರಿದ ಔಷಧ, ಒಡೆದ ಪಾದರಸದ ಥರ್ಮಾಮೀಟರ್, ಟ್ಯೂಬ್‌ಲೈಟ್, ಬಣ್ಣದ ಡಬ್ಬಿಗಳ ಸಾಲಿನಲ್ಲೇ ಸೇರಿಸಿ ‘ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ’ ಎಂದು ಹೆಸರಿಸಿತ್ತು. ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಸುಲಭ: ಮನೆಯ ಸೂಜಿ ಘನತ್ಯಾಜ್ಯ, ಕ್ಲಿನಿಕ್ಕಿನ ಸೂಜಿ ಜೀವವೈದ್ಯಕೀಯ ತ್ಯಾಜ್ಯ.

ಆದರೆ ಇಷ್ಟಕ್ಕೆ ನಿಲ್ಲಿಸಲು ಬರುವುದಿಲ್ಲ. ಜೀವವೈದ್ಯಕೀಯ ನಿಯಮದ ಒಂದನೇ ಅನುಸೂಚಿಯ ಎರಡನೇ ಭಾಗದಲ್ಲಿ, ಹೈಪೋಕ್ಲೋರೈಟ್ ಪ್ರಮಾಣ, ಬೂದಿ ವಿಲೇವಾರಿ ಮುಂತಾದ ತಾಂತ್ರಿಕ ಸೂಚನೆಗಳ ನಡುವೆ, ಯಾರೂ ನಿರೀಕ್ಷಿಸದ ಜಾಗದಲ್ಲಿ ಮನೆಯ ಪ್ರಸ್ತಾಪ ಬರುತ್ತದೆ. ಆರೋಗ್ಯ ಆರೈಕೆಯ ವೇಳೆ ಮನೆಯಲ್ಲಿ ಉಂಟಾಗುವ ಜೀವವೈದ್ಯಕೀಯ ತ್ಯಾಜ್ಯವನ್ನು ಈ ನಿಯಮಗಳ ಪ್ರಕಾರವೇ ವಿಂಗಡಿಸಿ, ಪ್ರತ್ಯೇಕ ಚೀಲ ಅಥವಾ ಡಬ್ಬಿಯಲ್ಲಿ ಪೌರಸಂಸ್ಥೆಯ ಕಸ ಸಂಗ್ರಾಹಕರಿಗೆ ಕೊಡಬೇಕು. ಪೌರಸಂಸ್ಥೆಯು ಸಾಮೂಹಿಕ ಜೀವವೈದ್ಯಕೀಯ ತ್ಯಾಜ್ಯ ಸಂಸ್ಕರಣಾ ಘಟಕದೊಂದಿಗೆ ಒಪ್ಪಂದ ಮಾಡಿಕೊಂಡು, ಮರುಬಳಕೆ ವಸ್ತುಗಳ ವಿಂಗಡಣಾ ಕೇಂದ್ರದಿಂದಲೋ ನೇರವಾಗಿ ಮನೆಯಿಂದಲೋ ಅದನ್ನು ಸಾಗಿಸುವ ವ್ಯವಸ್ಥೆ ಮಾಡಬೇಕು ಎಂಬುದು ಅದರ ಸಾರ.

ಹಾಗಾದರೆ ಒಂದು ನಿಯಮ ಇನ್ನೊಂದನ್ನು ಅಲ್ಲಗಳೆಯುತ್ತದೆಯೇ? ಇಲ್ಲ. ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಂಡರೆ ಗಂಟು ಬಿಚ್ಚಿಕೊಳ್ಳುತ್ತದೆ. ವಸ್ತು ಎಲ್ಲಿ ಉಂಟಾಯಿತು? ಮನೆಯಲ್ಲಿ. ಯಾರ ಕೈಗೆ ಹೋಗಬೇಕು? ನಗರಸಭೆಯ ಪೌರಕಾರ್ಮಿಕರ ಕೈಗೆ, ಬೇರೆಯಾಗಿ ಕಟ್ಟಿ. ಕೊನೆಗೆ ಎಲ್ಲಿ ನಾಶವಾಗಬೇಕು? ಆಸ್ಪತ್ರೆಯ ಸೂಜಿ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಯೇ. ಮೊದಲೆರಡು ಪ್ರಶ್ನೆಗಳಿಗೆ ಘನತ್ಯಾಜ್ಯ ನಿಯಮದ ಭಾಷೆಯಲ್ಲೂ, ಮೂರನೆಯದಕ್ಕೆ ಜೀವವೈದ್ಯಕೀಯ ನಿಯಮದ ಭಾಷೆಯಲ್ಲೂ ಉತ್ತರ ಬರೆಯಬೇಕು. ಮನೆಯವರಿಗೆ ಇದರಿಂದ ಕೆಲಸವೇನೂ ಹೆಚ್ಚುವುದಿಲ್ಲ. ನಿಜವಾದ ಭಾರವೆಲ್ಲ ಬೀಳುವುದು ಒಪ್ಪಂದ ಮಾಡಿಕೊಳ್ಳಬೇಕಾದ ಪೌರಸಂಸ್ಥೆಯ ಮೇಲೆ. ಪರೀಕ್ಷೆಯಲ್ಲಿ ‘ಹೊಣೆ ಯಾರದು’ ಎಂದು ಕೇಳಿದಾಗ ‘ಸಾರ್ವಜನಿಕರದು’ ಎಂದಷ್ಟೇ ಬರೆದು ಮುಗಿಸುವುದು ಅರ್ಧ ಉತ್ತರವೆಂದೇ ನನ್ನ ಅಭಿಪ್ರಾಯ.

ಬಣ್ಣಗಳ ಬಗ್ಗೆ

ನೀಲಿ ಎಂದರೆ ಒಣ ಕಸ ಎಂದು ಕಸದ ಗಾಡಿಯನ್ನು ನೋಡಿ ಕಲಿತವರಿಗೆ ಆಸ್ಪತ್ರೆಯ ನೀಲಿ ಕಾಲೆಳೆಯುತ್ತದೆ. ಆಸ್ಪತ್ರೆಯ ನಾಲ್ಕು ಬಣ್ಣಗಳನ್ನು ವಸ್ತುಗಳ ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ, ಮುಂದೆ ಅದಕ್ಕೆ ಏನು ಗತಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಗರಸಭೆಯ ಬಣ್ಣ ವಸ್ತುವಿನ ಬಗೆಯನ್ನು ಹೇಳಿದರೆ, ಆಸ್ಪತ್ರೆಯ ಬಣ್ಣ ಅದರ ಗತಿಯನ್ನು ಹೇಳುತ್ತದೆ. ಹಳದಿ ಮುಖ್ಯವಾಗಿ ಸುಡುವುದಕ್ಕೆ: ರಕ್ತ, ಕೀವು ಅಂಟಿದ ಹತ್ತಿ, ಬ್ಯಾಂಡೇಜು, ಅವಧಿ ಮೀರಿದ ಔಷಧ. ಕೆಂಪು ರೋಗಾಣುಗಳನ್ನು ಕೊಂದು, ಚೂರು ಮಾಡಿ, ಮರುಬಳಕೆಗೆ ಕಳಿಸುವುದಕ್ಕೆ: ಮೂತ್ರದ ಚೀಲ, ಕ್ಯಾತಿಟರ್, ಕೈಗವಸು, ಸೂಜಿ ಇಲ್ಲದ ಸಿರಿಂಜು. ಬಿಳಿ ಅರೆಪಾರದರ್ಶಕ ಡಬ್ಬಿ ಚುಚ್ಚುವ, ಕೊಯ್ಯುವ ವಸ್ತುಗಳಿಗೆ. ನೀಲಿ ಗಾಜಿನ ಬಾಟಲಿ, ಆಂಪೂಲುಗಳಿಗೆ.

ಸಿರಿಂಜು ಎರಡು ಕಡೆ ಬರುವುದನ್ನು ಗಮನಿಸಿ. ಸಾಮಾನ್ಯ ಸಿರಿಂಜಿನ ಸೂಜಿಯನ್ನು ಕಳಚಬಹುದು. ಸೂಜಿ ಬಿಳಿ ಡಬ್ಬಿಗೆ, ಪ್ಲಾಸ್ಟಿಕ್ ಭಾಗ ಕೆಂಪು ಚೀಲಕ್ಕೆ ಹೋಗುತ್ತದೆ. ಇನ್ಸುಲಿನ್ ಸಿರಿಂಜಿನಲ್ಲಿ ಸೂಜಿ ಬೆಸೆದುಕೊಂಡೇ ಇರುವುದರಿಂದ ಅದು ಇಡಿಯಾಗಿ ಬಿಳಿ ಡಬ್ಬಿಗೆ ಸೇರುತ್ತದೆ. ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವ ಲ್ಯಾನ್ಸೆಟ್ ಕೂಡ ಅಲ್ಲಿಗೇ; ರಕ್ತ ಹೀರಿದ ಪಟ್ಟಿ ಮಾತ್ರ ಹಳದಿಗೆ.

ಮನೆಯಲ್ಲಿ ನಾಲ್ಕು ಬಣ್ಣದ ಬುಟ್ಟಿ ಇಡಿ ಎಂದು ಯಾರಿಗೂ ಹೇಳಲಾಗದು. ಮನೆಯವರಿಗೆ ತಿಳಿಸಬೇಕಾದ್ದು ಸೂಜಿಯ ಡಬ್ಬಿಯೊಂದನ್ನೇ: ಫಿನಾಯಿಲ್ ಅಥವಾ ಬಟ್ಟೆ ತೊಳೆಯುವ ದ್ರಾವಣ ಬರುವಂಥ ದಪ್ಪ ಪ್ಲಾಸ್ಟಿಕ್ಕಿನ, ತಿರುಗಿಸಿ ಮುಚ್ಚುವ ಮುಚ್ಚಳವಿರುವ ಡಬ್ಬಿ. ನೀರಿನ ಬಾಟಲಿ ಬೇಡ, ಹಿಸುಕಿದರೆ ಸೂಜಿ ಹೊರಬರುತ್ತದೆ. ಮುಕ್ಕಾಲು ಭಾಗ ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಸೂಜಿ’ ಎಂದು ಕನ್ನಡದಲ್ಲಿ ಬರೆದು, ಗಾಡಿಯೊಳಗೆ ಎಸೆಯದೆ ಪೌರಕಾರ್ಮಿಕರಿಗೆ ಹೇಳಿ ಕೈಗೇ ಕೊಡಬೇಕು. ಕಾಗದದಲ್ಲಿ ಸುತ್ತಿಟ್ಟ ಸೂಜಿ ನಮ್ಮ ಮಳೆಗಾಲದಲ್ಲಿ ಗೇಟಿನ ಬಳಿಯೇ ತೊಯ್ದು ಹರಿದಿರುತ್ತದೆ.

ಇದಕ್ಕೆ ಕಾರಣವನ್ನೂ ಉತ್ತರದಲ್ಲಿ ಬರೆಯಿರಿ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಸೋಂಕು ತಗಲುವ ಸಾಧ್ಯತೆ ಶೇಕಡ 6ರಿಂದ 30. ಎಚ್‌ಐವಿಯಲ್ಲಿ ಅದು ಸುಮಾರು ಶೇಕಡ 0.3. ಅಂದರೆ ಹೆಚ್ಚು ಹೆದರುವ ರೋಗಕ್ಕಿಂತ, ಲಸಿಕೆಯಿಂದ ತಡೆಯಬಹುದಾದ ರೋಗವೇ ಇಲ್ಲಿ ದೊಡ್ಡ ಅಪಾಯ.

ಬಚ್ಚಲೊಲೆ

ಮಲೆನಾಡಿನ ಮನೆಗಳಲ್ಲಿ ‘ಹಂಡೆಯ ಒಲೆಗೆ ಹಾಕಿದರಾಯಿತು’ ಎಂಬ ಮಾತು ಸಾಮಾನ್ಯ. ಜೀವವೈದ್ಯಕೀಯ ತ್ಯಾಜ್ಯ ಸುಡುವ ಯಂತ್ರದ ಎರಡನೇ ಕೋಣೆಯಲ್ಲಿ 1050 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವಿರಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲಬೇಕು ಎಂದು ನಿಯಮವಿದೆ. ಕಾಫಿ ಗಿಡದ ಕಟ್ಟಿಗೆಯ ಉರಿಗೆ ಆ ಶಾಖ ಬರುವುದಿಲ್ಲ. ಪಿವಿಸಿಯಿಂದ ಮಾಡಿದ ಮೂತ್ರದ ಚೀಲವನ್ನು ಅಂಥ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹೊರಬರುತ್ತದೆ, ಸೂಜಿಯಂತೂ ಬೂದಿಯಲ್ಲಿ ಹಾಗೆಯೇ ಉಳಿಯುತ್ತದೆ. ಆ ಬೂದಿ ತೆಂಗಿನ ಬುಡಕ್ಕೆ ಹೋಗುತ್ತದೆ.

ಈಗ ಬದಲಾದದ್ದು

2016ರ ಘನತ್ಯಾಜ್ಯ ನಿಯಮಗಳ ಜಾಗಕ್ಕೆ 2026ರ ನಿಯಮಗಳು ಬಂದಿವೆ. ಜಾರಿಯ ದಿನಾಂಕ 2026ರ ಏಪ್ರಿಲ್ 1. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ‘ಮೂರು ಬಗೆ’ ಎಂಬುದು ಸರಿಯುತ್ತರವಾಗಿದ್ದರೆ ಇನ್ನು ಮುಂದೆ ‘ನಾಲ್ಕು ಬಗೆ’ ಎನ್ನಬೇಕು: ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಆರೈಕೆಯ ತ್ಯಾಜ್ಯ. ಹಿಂದೆ ಡಯಾಪರು, ಸ್ಯಾನಿಟರಿ ಪ್ಯಾಡುಗಳನ್ನು ಸುತ್ತಿ ಒಣ ಕಸದ ಬುಟ್ಟಿಗೇ ಹಾಕಬೇಕೆಂದಿತ್ತು. ಹಾಸಿಗೆ ಹಿಡಿದ ಹಿರಿಯರಿರುವ ಮನೆಯ ಡಯಾಪರುಗಳು ಹೀಗೆ ರಟ್ಟು, ಹಾಲಿನ ಕವರುಗಳ ಜೊತೆ ಸೇರಿ, ವಿಂಗಡಣೆ ಮಾಡುವವರ ಕೈಗೆ ಬರುತ್ತಿದ್ದವು. ಈಗ ಅವು ಬೇರೆಯೇ ಹೋಗಬೇಕು. ನನ್ನ ಮಟ್ಟಿಗೆ ಇಡೀ ಬದಲಾವಣೆಯಲ್ಲಿ ಹೆಚ್ಚು ಉಪಯುಕ್ತವಾದದ್ದು ಇದೇ. ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ ಎಂಬ ಹಳೆಯ ಗುಂಪಿನ ಜಾಗದಲ್ಲಿ ವಿಶೇಷ ಆರೈಕೆಯ ತ್ಯಾಜ್ಯ ನಿಂತಿದೆ. ಔಷಧ, ಬಲ್ಬು, ಪಾದರಸದ ಥರ್ಮಾಮೀಟರ್ ಅದರಲ್ಲಿವೆ. ಜೀವವೈದ್ಯಕೀಯ ನಿಯಮ ಪ್ರತ್ಯೇಕವಾಗಿಯೇ ಇರುವುದರಿಂದ ಮೇಲೆ ಹೇಳಿದ ಮೂರು ಪ್ರಶ್ನೆಗಳ ದಾರಿ ಬದಲಾಗುವುದಿಲ್ಲ.

ಅಭ್ಯಾಸಕ್ಕೊಂದು ಮನೆ

ಬಸವನಹಳ್ಳಿಯ ಒಂದು ಮನೆಯಲ್ಲಿ ಪಾರ್ಶ್ವವಾಯುವಾದ ಹಿರಿಯರಿದ್ದಾರೆ ಎಂದುಕೊಳ್ಳೋಣ. ಅವರ ಡಯಾಪರು ಸ್ಯಾನಿಟರಿ ತ್ಯಾಜ್ಯ. ಮೂತ್ರದ ಚೀಲವನ್ನು ಶೌಚಾಲಯದಲ್ಲಿ ಬರಿದು ಮಾಡಿ ಬೇರೆ ಚೀಲದಲ್ಲಿ ಕಟ್ಟಿ ಕೊಡಬೇಕು. ಬೆನ್ನಿನ ಹುಣ್ಣಿನ ಡ್ರೆಸ್ಸಿಂಗ್ ಮತ್ತೊಂದು ಚೀಲಕ್ಕೆ, ಇನ್ಸುಲಿನ್ ಸೂಜಿ ಡಬ್ಬಿಗೆ. ಡ್ರೆಸ್ಸಿಂಗಿಗೆ ಬರುವ ನರ್ಸ್ ತಾವು ಬಳಸಿದ್ದನ್ನು ಕ್ಲಿನಿಕ್ಕಿಗೆ ಒಯ್ದರೆ ಆ ತ್ಯಾಜ್ಯ ಕ್ಲಿನಿಕ್ಕಿನ ಲೆಕ್ಕಕ್ಕೆ ಸೇರುತ್ತದೆ, ಬಾರ್‌ಕೋಡ್ ಸಮೇತ. ಮಾತ್ರೆಯ ಖಾಲಿ ಪಟ್ಟಿ ಮತ್ತು ರಟ್ಟಿನ ಪೆಟ್ಟಿಗೆ ಬರೀ ಒಣ ಕಸ; ಔಷಧದ ಹೆಸರಿದೆ ಎಂಬ ಕಾರಣಕ್ಕೆ ಅವನ್ನು ವೈದ್ಯಕೀಯ ತ್ಯಾಜ್ಯವೆಂದು ಬರೆದರೆ ಅಂಕ ಹೋಗುತ್ತದೆ.