ಸೋತ ಶನಿವಾರದ ಲೆಕ್ಕ: ದಂಡ, ತಪ್ಪು ಮತ್ತು ‘ಅದೊಂದು ಆಗದಿದ್ದಿದ್ದರೆ’

ಅಮೆರಿಕದ ಕಾಲೇಜು ಊರುಗಳಿಗೆ ಓದಲು ಬಂದ ನಮ್ಮವರಿಗೆ ಮೊದಲ ಸೆಪ್ಟೆಂಬರ್‌ನಲ್ಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಶನಿವಾರ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಸೋತರೆ ಸೋಮವಾರದವರೆಗೆ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ನನ್ನ ಮೊದಲ ವರ್ಷ, ಹಾಸ್ಟೆಲಿನ ವಾಷಿಂಗ್ ಮಷಿನ್ ಎದುರು ಸರದಿಗೆ ಕಾಯುತ್ತಾ ಕೂತಿದ್ದಾಗ ಇಬ್ಬರು ಹುಡುಗರು ಒಂದೇ ಒಂದು ಹಳದಿ ಬಟ್ಟೆ ತುಂಡಿನ ಬಗ್ಗೆ ನಲವತ್ತು ನಿಮಿಷ ಜಗಳವಾಡಿದರು. ‘ಅದು ಹೋಲ್ಡಿಂಗೇ ಅಲ್ಲ’ ಅಂತ ಒಬ್ಬ. ‘ಆಗಲಿ ಬಿಡು, ಮೂರು ಸಲ ಚೆಂಡು ಕೈಚೆಲ್ಲಿದ್ದು ಯಾರು, ರೆಫರಿಯಾ?’ ಅಂತ ಇನ್ನೊಬ್ಬ. ನನ್ನ ಬಟ್ಟೆ ಒಗೆದು ಒಣಗಿದರೂ ಅವರದು ಮುಗಿದಿರಲಿಲ್ಲ.

ಈ ಟಿಪ್ಪಣಿ ಇರುವುದು ಆ ಜಗಳವನ್ನು ಅರ್ಥ ಮಾಡಿಕೊಳ್ಳಲು. ಆಟ ಆಡಲು ಬರಬೇಕಿಲ್ಲ, ಆದರೆ ನಾಲ್ಕು ನಿಯಮ ಗೊತ್ತಿರಬೇಕು.

ಮೈದಾನದ ಉದ್ದ 100 ಗಜ. ಚೆಂಡು ಯಾರ ಕೈಲಿದೆಯೋ ಆ ತಂಡಕ್ಕೆ 10 ಗಜ ಮುಂದಕ್ಕೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. 10 ಗಜ ದಾಟಿದರೆ ಎಣಿಕೆ ಮತ್ತೆ ಒಂದರಿಂದ ಶುರು, ದಾಟದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಯಾರಾದರೂ ನಿಯಮ ಮುರಿದರೆ ರೆಫರಿ ಹಳದಿ ಫ್ಲ್ಯಾಗ್ ಎಸೆಯುತ್ತಾನೆ. ಇಲ್ಲಿ ದಂಡ ಕಟ್ಟುವುದು ನೆಲದಲ್ಲಿ: ಮುಂಚಿತವಾಗಿ ಅಲುಗಾಡಿದರೆ 5 ಗಜ, ಎದುರಾಳಿಯನ್ನು ಹಿಡಿದೆಳೆದರೆ (ಅದೇ ಹೋಲ್ಡಿಂಗ್) 10, ಹೊಡೆದಾಟ ಅಥವಾ ಉದ್ಧಟತನಕ್ಕೆ 15.

ಗಜದ ಸಂಖ್ಯೆ ನೋಡಿ ದಂಡದ ಬೆಲೆ ಕಟ್ಟಬೇಡಿ. ಹೊಸಬರೆಲ್ಲ ಎಡವುವುದು ಇಲ್ಲೇ, ನಾನೂ ಎಡವಿದ್ದೆ. ಆಟದ ಆರಂಭದಲ್ಲಿ ಮೊದಲ ಡೌನ್‌ನಲ್ಲಿ ಹೋದ 10 ಗಜವನ್ನು ಯಾರೂ ನೆನಪಿಡುವುದಿಲ್ಲ. ಮೂರು ಡೌನ್‌ನಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಎದುರಾಳಿಯನ್ನು ಮೂರನೇ ಡೌನ್‌ನಲ್ಲಿ ತಡೆದು ನಿಲ್ಲಿಸಿ, ಇನ್ನೇನು ಚೆಂಡು ನಮಗೆ ಬರಬೇಕು ಅನ್ನುವಾಗ ನಮ್ಮವನು ಮಾಡಿದ ತಪ್ಪು ಅವರಿಗೆ ಹೊಸ ಮೊದಲ ಡೌನ್ ಕೊಟ್ಟರೆ, ಅಲ್ಲಿ ಹೋದದ್ದು ಗಜವಲ್ಲ, ಚೆಂಡೇ.

ಸೋಲಿನ ಮರುದಿನ ಅಭಿಮಾನಿಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. ನಮ್ಮವನು ನಿಜವಾಗಿಯೂ ಮಾಡಿದ, ಸರಿಯಾಗಿಯೇ ಬಿದ್ದ ದಂಡ ಒಂದು. ರೆಫರಿಯ ಕಣ್ತಪ್ಪು ಇನ್ನೊಂದು. ಮೂರನೆಯದು ಯಾವ ಫ್ಲ್ಯಾಗೂ ಬೀಳದ ಎಡವಟ್ಟು: ಎದುರಾಳಿಯ ಕೈಗೇ ಪಾಸ್ ಕೊಡುವುದು, ಚೆಂಡು ಬೀಳಿಸುವುದು, ಗುರಿ ತಪ್ಪಿ ಒದೆಯುವುದು. ಈ ಮೂರನ್ನು ಬಿಡಿಸಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ನಾನು ‘ತೆಗೆದು ನೋಡುವ ಲೆಕ್ಕ’ ಅನ್ನುತ್ತೇನೆ. ಆ ಒಂದು ಘಟನೆಯನ್ನು ಆಟದಿಂದ ತೆಗೆದುಬಿಟ್ಟರೆ ಆ ಕ್ಷಣಕ್ಕೆ ಏನು ಉಳಿಯುತ್ತದೆ? ಗೆಲುವೋ, ಬರೀ ಒಂದು ಅವಕಾಶವೋ?

ಇದಕ್ಕೆ ಶೂ ಪ್ರಕರಣದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. 2020ರ ಡಿಸೆಂಬರ್ 12, ಫ್ಲೋರಿಡಾದ ಗೇನ್ಸ್‌ವಿಲ್. ಕೋವಿಡ್ ಕಾಲ, ಅರೆಬರೆ ತುಂಬಿದ ಕ್ರೀಡಾಂಗಣ, ಮೈದಾನದ ಮೇಲೆ ದಟ್ಟ ಮಂಜು. ಸೋಲುತ್ತಲೇ ಬಂದಿದ್ದ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಎದುರು ಫ್ಲೋರಿಡಾ ಸುಲಭವಾಗಿ ಗೆಲ್ಲಬೇಕಿತ್ತು. ಎರಡು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಅಂಕ 34-34. ಎಲ್‌ಎಸ್‌ಯುಗೆ ಮೂರನೇ ಡೌನ್, ಬೇಕಾದದ್ದು 10 ಗಜ. ಪಾಸ್ ಹಿಡಿದವನು ಗುರಿಗಿಂತ ಹಿಂದೆಯೇ ನೆಲಕ್ಕೆ ಬಿದ್ದ, ಬಿದ್ದ ರಭಸಕ್ಕೆ ಅವನ ಕಾಲಿನ ಒಂದು ಶೂ ಕಳಚಿಕೊಂಡಿತು. ತಡೆದ ಖುಷಿಯಲ್ಲಿ ಫ್ಲೋರಿಡಾದ ಆಟಗಾರನೊಬ್ಬ ಆ ಶೂ ಎತ್ತಿ ಸುಮಾರು 20 ಗಜ ದೂರ ಬೀಸಿ ಎಸೆದ. ಫ್ಲ್ಯಾಗ್ ಬಿತ್ತು: ಉದ್ಧಟತನ, 15 ಗಜ, ಎಲ್‌ಎಸ್‌ಯುಗೆ ಹೊಸ ಮೊದಲ ಡೌನ್. ಸ್ವಲ್ಪ ಹೊತ್ತಿಗೆ 57 ಗಜದಿಂದ ಫೀಲ್ಡ್ ಗೋಲ್. 37-34.

ಮರುದಿನದ ಮಾತೆಲ್ಲ ಶೂ, ಶೂ, ಶೂ. ರೆಫರಿಯನ್ನು ಬೈಯಲು ಜಾಗವೇ ಇರಲಿಲ್ಲ. ದಂಡ ನ್ಯಾಯವಾದದ್ದು, ತಪ್ಪು ಫ್ಲೋರಿಡಾದವನದೇ, ಮೊದಲ ಗುಂಪಿಗೆ ಸೇರಿದ್ದು. ಈಗ ತೆಗೆದು ನೋಡಿ. ಶೂ ಅಲ್ಲೇ ಬಿದ್ದಿದ್ದರೆ ಎಲ್‌ಎಸ್‌ಯು ಚೆಂಡನ್ನು ಒದ್ದು ಕೊಡುತ್ತಿತ್ತು, ಫ್ಲೋರಿಡಾಗೆ ಒಂದು ಅವಕಾಶ ಸಿಗುತ್ತಿತ್ತು, ಅಂಕ ಇನ್ನೂ 34-34. ಶೂ ಕಸಿದದ್ದು ಅಷ್ಟನ್ನೇ. ಮೊದಲರ್ಧದಲ್ಲಿ ಫ್ಲೋರಿಡಾದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ತಂಡದ ಆಟ ನಡೆಸುವವನು) ಮೂರು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದ. ಅದರಲ್ಲಿ ಒಂದನ್ನು ಎಲ್‌ಎಸ್‌ಯು ಆಟಗಾರ ನೇರ ಟಚ್‌ಡೌನ್‌ಗೆ ಒಯ್ದಿದ್ದ. ಅದನ್ನು ತೆಗೆದರೆ ಹೋಗುವುದು ಒಂದಿಡೀ ಟಚ್‌ಡೌನ್. ಕಡೆಗೆ ಗಡಿಯಾರ ಮುಗಿಯುವಾಗ ಪಂದ್ಯ ಸಮ ಮಾಡಲು ಫ್ಲೋರಿಡಾ ಒದ್ದ 51 ಗಜದ ಫೀಲ್ಡ್ ಗೋಲೂ ಕಂಬದಾಚೆ ಹೋಯಿತು. ಇಷ್ಟಿದ್ದರೂ ಜನರ ನೆನಪಲ್ಲಿ ಉಳಿದದ್ದು ಶೂ. ಅದು ತಡವಾಗಿ ಬಂತು, ನೋಡಲು ವಿಚಿತ್ರವಾಗಿತ್ತು, ಯಾರ ಒತ್ತಾಯವೂ ಇಲ್ಲದೆ ಆದದ್ದಾಗಿತ್ತು. ಎದುರಾಳಿ ಕಸಿದ ಪಾಸಿನಲ್ಲಿ ಅವನ ಸಾಮರ್ಥ್ಯವೂ ಸ್ವಲ್ಪ ಇರುತ್ತದೆ. ಶೂ ಎಸೆದದ್ದರಲ್ಲಿ ಅಂಥದ್ದೇನೂ ಇಲ್ಲವಲ್ಲ, ಅದಕ್ಕೇ ಅಷ್ಟು ಉರಿ.

ಲೆಕ್ಕ ಪೂರ್ತಿ ತಿರುಗಿ ಬೀಳುವುದು 2003ರ ಜನವರಿ 3ರ ಫಿಯೆಸ್ಟಾ ಬೌಲ್‌ನಲ್ಲಿ. ಅದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯ, ಸತತ 34 ಪಂದ್ಯ ಗೆದ್ದು ಬಂದಿದ್ದ ಮಯಾಮಿ ಎದುರು ಒಹಾಯೊ ಸ್ಟೇಟ್. ಹೆಚ್ಚುವರಿ ಅವಧಿಯಲ್ಲಿ ಮಯಾಮಿ 24-17ರಿಂದ ಮುಂದಿತ್ತು. ಒಹಾಯೊ ಸ್ಟೇಟ್‌ಗೆ ನಾಲ್ಕನೇ ಡೌನ್, ಪಾಸ್ ನೆಲಕ್ಕೆ ಬಿತ್ತು, ಮಯಾಮಿಯವರು ಕುಣಿಯುತ್ತಾ ಮೈದಾನಕ್ಕೆ ನುಗ್ಗಿದರು, ಆಕಾಶಕ್ಕೆ ಪಟಾಕಿಯೂ ಹಾರಿತು. ಆಮೇಲೆ, ಎಷ್ಟೋ ಹೊತ್ತಾದ ಹಾಗೆ ಅನ್ನಿಸಿದ ಮೇಲೆ, ಫ್ಲ್ಯಾಗ್ ಬಿತ್ತು. ಪಾಸ್ ಹಿಡಿಯುವವನಿಗೆ ಅಡ್ಡಿಪಡಿಸಿದ ದಂಡ. ಒಹಾಯೊ ಸ್ಟೇಟ್ ಸಮ ಮಾಡಿಕೊಂಡು, ಎರಡನೇ ಹೆಚ್ಚುವರಿ ಅವಧಿಯಲ್ಲಿ 31-24ಕ್ಕೆ ಗೆದ್ದಿತು. ತಾನು ಕಂಡದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಆಡಿಸಿ ನೋಡಿ ಖಾತ್ರಿ ಮಾಡಿಕೊಂಡೆ ಎಂದು ಆ ರೆಫರಿ ವಿವರಣೆ ಕೊಟ್ಟರು.

ಇಲ್ಲಿ ಫ್ಲ್ಯಾಗ್ ತೆಗೆದರೆ ಆಟವೇ ಮುಗಿದುಹೋಗುತ್ತದೆ, ಮಯಾಮಿ ಚಾಂಪಿಯನ್. ಹಾಗಾಗಿ ಮಯಾಮಿ ಅಭಿಮಾನಿಯ ಸಂಕಟವನ್ನು ಹಗುರವಾಗಿ ನೋಡಬೇಡಿ. ಒಹಾಯೊದವನ ಉತ್ತರ ಎರಡು ಮೆಟ್ಟಿಲಿನದು: ನಿಮ್ಮವನು ಕೈಹಾಕಿ ಹಿಡಿದದ್ದು ಹೌದು ತಾನೇ? ಅದಿರಲಿ, ಆ ರಾತ್ರಿ ನೀವು ಐದು ಸಲ ಚೆಂಡು ಕಳೆದುಕೊಂಡಿರಿ, ಅದರ ಕಥೆ ಏನು? ಎರಡನೆಯ ಪ್ರಶ್ನೆ ಚೆನ್ನಾಗಿದೆ, ಆದರೆ ಅದು ಮೊದಲನೆಯದರ ಉತ್ತರವಲ್ಲ. ರೆಫರಿ ತಪ್ಪಿದನೋ ಇಲ್ಲವೋ ಅನ್ನುವುದಕ್ಕೆ ನಾವು ಎಷ್ಟು ಸಲ ಎಡವಿದೆವು ಅನ್ನುವುದು ಸಾಕ್ಷಿಯಾಗುವುದಿಲ್ಲ. ಈ ಜಗಳಗಳಲ್ಲಿ ಅತಿ ಹೆಚ್ಚು ಕಾಣುವ ಜಾರುವಿಕೆ ಇದೇ.

ರೆಫರಿಯ ತಪ್ಪು ಅಂತ ಅಧಿಕೃತವಾಗಿಯೇ ಒಪ್ಪಿಕೊಂಡ ಪ್ರಕರಣವೂ ಇದೆ. 2006ರ ಸೆಪ್ಟೆಂಬರ್ 16ರಂದು ಒರೆಗಾನ್‌ನಲ್ಲಿ ಓಕ್ಲಹೋಮ ಕೊನೆಯ ಹೊತ್ತಿಗೆ 33-20ರಿಂದ ಮುಂದಿತ್ತು. ಒರೆಗಾನ್ ಒಂದು ಟಚ್‌ಡೌನ್ ಹೊಡೆದು, ಚೆಂಡನ್ನು ತಾನೇ ಮರಳಿ ಪಡೆಯುವ ಆಸೆಯಿಂದ ಗಿಡ್ಡ ಒದೆತ ಒದ್ದಿತು. ಅಂಥ ಚೆಂಡು 10 ಗಜ ಹೋಗುವ ಮುಂಚೆ ಒದ್ದ ತಂಡದವರು ಮುಟ್ಟುವಂತಿಲ್ಲ. ಒರೆಗಾನ್‌ನವನು ಮುಟ್ಟಿದ, ಚೆಂಡು ಕಡೆಗೆ ಸಿಕ್ಕಿದ್ದೂ ಓಕ್ಲಹೋಮದವನ ಕೈಗೆ. ರಿಪ್ಲೇ ನೋಡಿದ ಮೇಲೂ ಚೆಂಡು ಒರೆಗಾನ್‌ಗೇ ಹೋಯಿತು! ಅದರಿಂದ ಇನ್ನೊಂದು ಟಚ್‌ಡೌನ್, 34-33ಕ್ಕೆ ಒರೆಗಾನ್ ಗೆದ್ದಿತು. ಒರೆಗಾನ್ ಸೇರಿದ್ದ ಕಾನ್ಫರೆನ್ಸ್ (ಕಾಲೇಜು ತಂಡಗಳ ಒಕ್ಕೂಟ) ತನ್ನ ರೆಫರಿಗಳನ್ನು ಒಂದು ಪಂದ್ಯದ ಮಟ್ಟಿಗೆ ಅಮಾನತು ಮಾಡಿತು. ಪಂದ್ಯವನ್ನು ದಾಖಲೆಯಿಂದಲೇ ಅಳಿಸಿ ಎಂದು ಓಕ್ಲಹೋಮ ವಿಶ್ವವಿದ್ಯಾಲಯದ ಅಧ್ಯಕ್ಷ ಡೇವಿಡ್ ಬೋರೆನ್ ಕೇಳಿದರು. ಅಳಿಸಲಿಲ್ಲ. ರಿಪ್ಲೇ ಅಧಿಕಾರಿಗೆ ಕೊಲೆ ಬೆದರಿಕೆಯ ಕರೆಗಳು ಬಂದವು. ಆ ತಪ್ಪಿನ ನಂತರವೂ ಓಕ್ಲಹೋಮಗೆ ಗೆಲ್ಲುವ ಒಂದು ಫೀಲ್ಡ್ ಗೋಲ್ ಅವಕಾಶ ಸಿಕ್ಕಿತ್ತು, ಒರೆಗಾನ್ ಅದನ್ನು ತಡೆಯಿತು. ತಟಸ್ಥರು ಇದನ್ನೇ ಎತ್ತಿ ಆಡುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಜೇಬಿನಿಂದ ಕದ್ದ ನೂರು ರೂಪಾಯಿಯಲ್ಲಿ ಹತ್ತು ವಾಪಸ್ ಕೊಟ್ಟು, ‘ಅದನ್ನೂ ನೀನೇ ಬೀಳಿಸಿಕೊಂಡೆಯಲ್ಲ’ ಅಂದ ಹಾಗೆ.

ತೆಗೆದು ನೋಡುವ ಲೆಕ್ಕ ಒಮ್ಮೆ ಮೈದಾನದಲ್ಲೇ ನಡೆದಿದೆ. 2024ರ ಅಕ್ಟೋಬರ್ 19ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ಆಟಗಾರ ಜಾರ್ಜಿಯಾದ ಪಾಸ್ ಕಸಿದ. ಆದರೆ ಅವನ ಮೇಲೇ ದಂಡ ಬಿತ್ತು. ಜನ ಮೈದಾನಕ್ಕೆ ನೀರಿನ ಬಾಟಲಿಗಳನ್ನು ತೂರಿದರು, ಆಟ ನಿಂತಿತು, ಆ ನಡುವೆ ರೆಫರಿಗಳು ಮಾತಾಡಿಕೊಂಡು ದಂಡ ವಾಪಸ್ ತೆಗೆದುಕೊಂಡರು. ಟೆಕ್ಸಸ್ ಆ ಚೆಂಡಿನಿಂದ ಟಚ್‌ಡೌನ್ ಕೂಡ ಹೊಡೆಯಿತು. ಪಂದ್ಯ ಮಾತ್ರ 30-15ಕ್ಕೆ ಜಾರ್ಜಿಯಾದ್ದು. ಬಾಟಲಿಗಳಿಗೆ ಟೆಕ್ಸಸ್ ತೆತ್ತ ದಂಡ 2,50,000 ಡಾಲರ್.

ಟೆನೆಸ್ಸೀ ಅಭಿಮಾನಿಗಳ 2010ನೇ ವರ್ಷವನ್ನು ಬೇರೆಯೇ ಪುಟದಲ್ಲಿ ಬರೆದುಕೊಳ್ಳಿ. ಅಕ್ಟೋಬರ್ 2ರಂದು ಎಲ್‌ಎಸ್‌ಯು ಎದುರು 14-10ಕ್ಕೆ ಗೆದ್ದೆವೆಂದು ಕುಣಿದಾಗ ಮೈದಾನದಲ್ಲಿ ತಮ್ಮವರು ಹನ್ನೊಂದರ ಬದಲು ಹದಿಮೂರು ಜನ ಇದ್ದದ್ದು ಬಯಲಾಯಿತು. ಎಲ್‌ಎಸ್‌ಯುಗೆ ಇನ್ನೊಂದು ಅವಕಾಶ, 16-14. ಡಿಸೆಂಬರ್ 30ರಂದು ನ್ಯಾಶ್‌ವಿಲ್‌ನಲ್ಲಿ ಈ ಸಲ ಹೆಚ್ಚು ಜನರನ್ನು ನಿಲ್ಲಿಸಿದ್ದು ಎದುರಾಳಿ ನಾರ್ತ್ ಕೆರೊಲಿನಾ. ಆಟ ಮುಗಿಯಿತೆಂದು ಘೋಷಿಸಿಯೂ ಆಗಿತ್ತು. ರಿಪ್ಲೇ ನೋಡಿ ಗಡಿಯಾರಕ್ಕೆ ಒಂದು ಸೆಕೆಂಡ್ ಮರಳಿಸಿ 5 ಗಜದ ದಂಡ ಹಾಕಿದರು. ಆ ಒಂದು ಸೆಕೆಂಡಿನಲ್ಲಿ ನಾರ್ತ್ ಕೆರೊಲಿನಾ ಫೀಲ್ಡ್ ಗೋಲ್ ಒದ್ದು ಸಮ ಮಾಡಿಕೊಂಡು 30-27ಕ್ಕೆ ಗೆದ್ದಿತು. ತಪ್ಪು ನಮ್ಮದಾದರೂ ಸೋಲು ನಮಗೆ, ತಪ್ಪು ಅವರದಾದರೂ ಸೋಲು ನಮಗೇ. ಈ ಜಗಳಕ್ಕೆ ಮಾತ್ರ ಫಲ ಸಿಕ್ಕಿತು: ಕೊನೆಯ ನಿಮಿಷದಲ್ಲಿ ಗಡಿಯಾರ ನಿಲ್ಲಿಸುವಂಥ ತಪ್ಪು ಮಾಡಿದರೆ 10 ಸೆಕೆಂಡ್ ಕಳೆಯುವ ನಿಯಮ ಮರುವರ್ಷವೇ ಬಂತು.

ಕೊನೆಯದು ಈ ಲೆಕ್ಕವೇ ಕೈಕೊಡುವ ಪ್ರಕರಣ. 1990ರ ಅಕ್ಟೋಬರ್ 6, ಮಿಸೌರಿಯ ಕೊಲಂಬಿಯಾ. ಮಿಸೌರಿ ತಂಡದ ಎದುರು ಹಿಂದಿದ್ದು, ಗೆರೆಯ ಹತ್ತಿರ ಬಂದಿದ್ದ ಕೊಲರಾಡೊ ಗಡಿಯಾರ ನಿಲ್ಲಿಸಲು ಚೆಂಡನ್ನು ನೆಲಕ್ಕೆ ಬಡಿಯಿತು, ಒಂದು. ಓಡಿ ಸಿಕ್ಕಿಬಿತ್ತು, ಎರಡು. ಟೈಮ್‌ಔಟ್ ಆಯಿತು, ಆ ಹೊತ್ತಿನಲ್ಲಿ ಡೌನ್ ಫಲಕ ತಿರುವಲು ಮರೆತರು. ಮತ್ತೆ ಓಡಿತು, ಮೂರು, ಫಲಕದಲ್ಲಿ ಎರಡು. ಮತ್ತೆ ನೆಲಕ್ಕೆ ಬಡಿಯಿತು, ನಾಲ್ಕು, ಫಲಕದಲ್ಲಿ ಮೂರು. ಐದನೆಯದರಲ್ಲಿ ಟಚ್‌ಡೌನ್, 33-31. ಐದನೇ ಡೌನ್ ತೆಗೆದರೆ ಮಿಸೌರಿ ಗೆದ್ದಂತೆ, ಇದರಲ್ಲಿ ವಾದವೇನು ಅನ್ನಿಸುತ್ತದೆ. ಆದರೆ ನಾಲ್ಕನೆಯದರಲ್ಲಿ ಚೆಂಡು ಬಡಿದದ್ದೇ ಫಲಕದಲ್ಲಿ ಮೂರು ಇದ್ದದ್ದಕ್ಕೆ. ಸರಿಯಾದ ಸಂಖ್ಯೆ ಇದ್ದಿದ್ದರೆ ಅವರು ಬಡಿಯುತ್ತಿರಲಿಲ್ಲ, ಓಡುತ್ತಿದ್ದರು. ಒಂದು ತಪ್ಪು ಕಳೆದು ಉಳಿದದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳಲು ಆಗುವುದಿಲ್ಲ.

1940ರ ನವೆಂಬರ್‌ನಲ್ಲೂ ಹೀಗೇ ಆಗಿತ್ತು. ಡಾರ್ಟ್‌ಮತ್ ಎದುರು ಕಾರ್ನೆಲ್ 7-3ರಿಂದ ಗೆದ್ದದ್ದು ಐದನೇ ಡೌನ್‌ನಲ್ಲಿ. ಎರಡು ದಿನದಲ್ಲಿ ಫಿಲ್ಮ್ ನೋಡಿ, ರೆಫರಿಯೂ ತಪ್ಪು ಒಪ್ಪಿಕೊಂಡ ಮೇಲೆ, ಕಾರ್ನೆಲ್ ತಂತಿ ಕಳಿಸಿ ಗೆಲುವನ್ನು ಬಿಟ್ಟುಕೊಟ್ಟಿತು. ಇಂದಿಗೂ ಆ ಅಂಕ ಡಾರ್ಟ್‌ಮತ್ 3, ಕಾರ್ನೆಲ್ 0. ನೀವೂ ಬಿಟ್ಟುಕೊಡುತ್ತೀರಾ ಎಂದು ಕೊಲರಾಡೊ ಕೋಚ್ ಬಿಲ್ ಮೆಕಾರ್ಟ್ನಿಯನ್ನು ಕೇಳಿದಾಗ ಅವರು ಒಪ್ಪಲಿಲ್ಲ. ಮೈದಾನವೇ ಸರಿಯಿರಲಿಲ್ಲ, ತಮ್ಮ ಹುಡುಗರು ಜಾರುತ್ತಿದ್ದರು ಅನ್ನುವುದು ಅವರ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದದ್ದು ನಮಗೆಲ್ಲ ಗೊತ್ತು. ಇಲ್ಲಿ ಕುಣಿದು ಬಹುಮಾನ ಗೆದ್ದವರೇ ನೆಲವನ್ನು ಬೈದರು, ಆ ವರ್ಷದ ರಾಷ್ಟ್ರೀಯ ಪಟ್ಟದಲ್ಲೂ ಪಾಲು ಪಡೆದರು.