ಕೆಳಗಿನಿಂದ ತೆಗೆದ ಶಾಟಿಗೆ ಏನರ್ಥ?

ಓದುಗರ ಪ್ರಶ್ನೆ: ಕ್ಯಾಮೆರಾ ಕೆಳಗಿದ್ದರೆ ಪಾತ್ರಕ್ಕೆ ಬಲ, ಮೇಲಿದ್ದರೆ ಪಾತ್ರ ಕುಗ್ಗಿದೆ ಅಂತ ಎಲ್ಲಾ ವಿಡಿಯೋಗಳಲ್ಲೂ ಹೇಳ್ತಾರೆ. ಪ್ರತಿ ಶಾಟಿಗೂ ಹೀಗೆ ಒಂದು ಅರ್ಥ ಇರುತ್ತಾ?

ಉತ್ತರ: ಇರುವುದಿಲ್ಲ. ಇದ್ದಿದ್ದರೆ ನಿಘಂಟು ಹಿಡಿದುಕೊಂಡೇ ಸಿನಿಮಾಗೆ ಹೋಗಬಹುದಿತ್ತು.

ಹಾಗಂತ ನೀವು ಕೇಳಿದ್ದು ಪೂರ್ತಿ ಸುಳ್ಳೇನಲ್ಲ. ಕೆಂಪೇಗೌಡ ರಸ್ತೆಯ ಥಿಯೇಟರಿನಲ್ಲಿ ಹೀರೋ ಎಂಟ್ರಿ ನೋಡಿರುತ್ತೀರಿ. ಮೊದಲು ಶೂ, ಆಮೇಲೆ ಧೂಳು, ಕೊನೆಗೆ ಕೆಳಗಿನಿಂದ ಮುಖ. ಅಷ್ಟರಲ್ಲಿ ಶಿಳ್ಳೆ ಶುರು. ಅಲ್ಲಿ ಆ ಶಾಟ್ ಹೇಳುವುದು ಬಲವನ್ನೇ.

ಈಗ ಬೇರೆ ದೃಶ್ಯ ಊಹಿಸಿಕೊಳ್ಳಿ. ಶ್ರೀರಾಮಪುರದ ಒಂದು ತಾರಸಿ. ಮೂರು ವರ್ಷದ ಮಗು ನೆಲದ ಮೇಲೆ ಕೂತಿದೆ. ಅಮ್ಮ ಬಟ್ಟೆ ಒಣಹಾಕುತ್ತಾ ಫೋನಿನಲ್ಲಿ ಯಾರ ಜೊತೆಗೋ ಸಾಲದ ವಿಷಯ ಮಾತಾಡುತ್ತಿದ್ದಾಳೆ. ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲಿದೆ. ಇದೂ ಕೆಳಗಿನಿಂದ ತೆಗೆದ ಶಾಟೇ ಅಲ್ವಾ? ಅಮ್ಮನಿಗೆ ಬಲ ಬಂತಾ? ಇಲ್ಲ. ಒದ್ದೆ ಸೀರೆಗಳ ಮರೆಯಲ್ಲಿ ಅವಳ ಮುಖ ಅರ್ಧ ಕಾಣುತ್ತದೆ, ಮಾತು ಅರ್ಧ ಕೇಳುತ್ತದೆ. ಮಗುವಿಗೆ ಎಷ್ಟು ತಿಳಿಯಿತೋ ನಮಗೂ ಅಷ್ಟೇ.

ಅದಕ್ಕೇ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈಗ ಯಾರ ಪಕ್ಕದಲ್ಲಿ ನಿಂತು ನೋಡುತ್ತಿದ್ದೇವೆ? ಹಿಂದಿನ ಶಾಟಿಗೂ ಇದಕ್ಕೂ ಏನು ಬದಲಾಯಿತು?

ಈ ಎರಡನೆಯದನ್ನು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ 1920ರ ಸುಮಾರಿಗೇ ಪರೀಕ್ಷಿಸಿ ನೋಡಿದ್ದರು. ನಟನೊಬ್ಬನ ಒಂದೇ ಮುಖ. ಅದರ ಜೊತೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರಿಗೆ ಆ ಮುಖದಲ್ಲೇ ಹಸಿವು, ದುಃಖ, ಆಸೆ ಕಂಡವಂತೆ. ಮುಖ ಮಾತ್ರ ಬದಲಾಗಿರಲಿಲ್ಲ.

ಕ್ಲೋಸಪ್ಪಿನ ಕಥೆಯೂ ಇಷ್ಟೇ. ದೂರದಿಂದಲೇ ನೋಡುತ್ತಿದ್ದ ಕ್ಯಾಮೆರಾ ಒಮ್ಮೆ ಹತ್ತಿರ ಬಂದರೆ ಎದೆ ಝಲ್ ಅನ್ನುತ್ತದೆ. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಕಣ್ಣರಳಿಸಿದರೂ ಮೂರು ಕ್ಲೋಸಪ್. ನಿಜವಾಗಿ ಏನಾದರೂ ನಡೆದಾಗ ಕ್ಯಾಮೆರಾ ಇನ್ನೆಲ್ಲಿಗೆ ಹೋಗಬೇಕು?

ಬೆಳಕಿಗೆ ಬಂದರೆ, ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ ಅವರನ್ನು ಬಿಟ್ಟು ಮಾತಾಡುವುದು ಕಷ್ಟ. 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ನ ಒಂದು ಹಾಡಿಗೆ ಅವರು ದೊಡ್ಡ ಕನ್ನಡಿಗಳನ್ನು ಹಿಡಿಸಿ ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ತಿರುಗಿಸಿದರು. ಕತ್ತಲಲ್ಲಿ ಓರೆಯಾಗಿ ಇಳಿದ ಬೆಳಕಿನ ಕೋಲು, ಅಲ್ಲಿ ಸೇರಲಾರದ ಇಬ್ಬರು. ಅದೇ ಕೋಲು ಭಕ್ತಿ ಚಿತ್ರದ ಗರ್ಭಗುಡಿಗೆ ಇಳಿದರೆ ಜನ ಕೈ ಮುಗಿಯುತ್ತಾರೆ.

ಇವತ್ತೇ ಒಂದು ಪ್ರಯೋಗ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ದೃಶ್ಯವೊಂದನ್ನು ಟೀವಿಯಲ್ಲಿ ಮ್ಯೂಟ್ ಮಾಡಿ ಎರಡು ಸಲ ನೋಡಿ. ಮೊದಲ ಸಲ ಕ್ಯಾಮೆರಾ ಯಾವಾಗ ಹತ್ತಿರ ಬಂತು ಅಂತ ಗಮನಿಸಿ. ಎರಡನೇ ಸಲ, ಮಾತು ಒಬ್ಬರದಾಗಿದ್ದಾಗ ಮುಖ ಯಾರದ್ದು ತೋರಿಸಿದರು ಅಂತ. ಮನೆಯವರು ರಿಮೋಟ್ ಕಿತ್ತುಕೊಳ್ಳುವುದರೊಳಗೆ ಮುಗಿದುಹೋಗುತ್ತದೆ.